ಓರ್ಖೋನ್ ನದೀಲಿ ಎಂಟು ದಿನ ಹುಟ್ಟು ಹಾಕ್ಕೊಂಡು ಹೋಗೋದು: ಸುಲಭ ಅಂತಾರೆ, ನಂಬಬಹುದಾ?

ಪ್ರಶ್ನೆ: ನಮಸ್ಕಾರ ಸರ್. ನಾವು ಶಿವಮೊಗ್ಗದಿಂದ ನಾಲ್ಕು ಜನ, ಎರಡು ಜೋಡಿ, ಎಲ್ರಿಗೂ ನಲವತ್ತರ ಆಸುಪಾಸು. ಮಂಗೋಲಿಯಾದ ಓರ್ಖೋನ್ ನದೀಲಿ ಎಂಟು ದಿನದ ಟ್ರಿಪ್ ಒಂದು ನೋಡಿದೀವಿ. ಖಾರ್ಖೋರಿನ್‌ನಿಂದ ಶುರು, ಜೊತೆಗೆ ಗೈಡ್ ಇರ್ತಾರೆ, ದಿನಕ್ಕೆ 40 ಕಿಲೋಮೀಟರ್, ರಾತ್ರಿ ದಡದಲ್ಲೇ ಟೆಂಟು. ಜುಲೈನಲ್ಲಿ ನಾದಮ್ ಹಬ್ಬನೂ ನೋಡ್ಕೊಂಡು ಹೋಗೋಣ ಅಂತ ಪ್ಲಾನು. ಹೊನ್ನೆಮರಡಲ್ಲಿ ಕಯಾಕ್ ಮಾಡಿದೀವಿ, ದಾಂಡೇಲೀಲಿ ಎರಡು ಸಲ ರಾಫ್ಟಿಂಗ್ ಆಗಿದೆ. ನನ್ನ ಹೆಂಡತಿಗೆ ಈಜು ಬರಲ್ಲ, ಇನ್ನೊಂದು ಜೋಡಿ ಪೂರ್ತಿ ಸಸ್ಯಾಹಾರಿ. ತುಂಬಾ ಸುಲಭದ ನದಿ, ಅನುಭವವೇ ಬೇಡ ಅಂತಾರೆ ಟ್ರಿಪ್ ಮಾಡೋರು. ನಂಬಬಹುದಾ? ಏನೇನು ತಯಾರಿ ಬೇಕು?

ಉತ್ತರ: ಅವ್ರು ಸುಳ್ಳು ಹೇಳ್ತಿಲ್ಲ, ಆದ್ರೆ ಅರ್ಧ ಮಾತ್ರ ಹೇಳಿದಾರೆ. ಖಾರ್ಖೋರಿನ್‌ನಿಂದ ಕೆಳಗೆ ಓರ್ಖೋನ್‌ನಲ್ಲಿ ದಾಂಡೇಲಿ ಥರದ ಅಬ್ಬರ ಎಲ್ಲೂ ಇಲ್ಲ. ಜಲಪಾತ, ಕಪ್ಪು ಲಾವಾ ಕಲ್ಲಿನ ಕೊರಕಲು ಎಲ್ಲಾ ಮೇಲ್ಗಡೆನೇ ಮುಗಿದು, ಆಮೇಲೆ ನದಿ ಬಯಲಿಗೆ ಇಳಿದು ಹಾವಿನ ಥರ ಸುತ್ತಿಕೊಂಡು ಉತ್ತರಕ್ಕೆ ಹರಿಯತ್ತೆ. ಅಬ್ಬರ ಇಲ್ಲ ಅಂತ ಅಪಾಯ ಇಲ್ಲ ಅಂದ್ಕೊಳ್ಳೋದೇ ಎಲ್ರೂ ಮಾಡೋ ತಪ್ಪು. ಕಾಳಿ ನದೀಲಿ ಬಿದ್ರೆ ನೀರು ಬೆಚ್ಚಗಿರತ್ತೆ, ಎದ್ದು ನಗ್ತೀರಿ, ಮೇಲೆ ರಸ್ತೆ ಇದೆ, ಜೀಪ್ ಬರತ್ತೆ. ಇಲ್ಲಿ ಬಿದ್ರೆ ನೀರು ಐಸ್ ಇದ್ದಂಗೆ, ದಡಕ್ಕೆ ಬಂದು ನಿಂತ್ರೆ ಕಣ್ಣು ಹಾಯಿಸಿದಷ್ಟು ದೂರ ಹುಲ್ಲೇ ಹುಲ್ಲು. ಒಂದು ಆಸ್ಪತ್ರೆ ಅಂತ ಇರೋದು ಸುಮ್ ಕೇಂದ್ರದಲ್ಲಿ, ಸುಮ್ ಅಂದ್ರೆ ನಮ್ಮ ತಾಲೂಕು ಥರ, ಅಲ್ಲಿಗೆ ಮಣ್ಣು ದಾರೀಲಿ ಗಂಟೆಗಟ್ಲೆ ಹೋಗ್ಬೇಕು. ಮಂಗೋಲಿಯಾ ನಮ್ಮ ಕರ್ನಾಟಕದ ಎಂಟರಷ್ಟು ದೊಡ್ಡದು, ಜನ ಇರೋದು ಸುಮಾರು 35 ಲಕ್ಷ, ಅದ್ರಲ್ಲೂ ಅರ್ಧದಷ್ಟು ಜನ ಉಲಾನ್‌ಬಾತರ್ ಅನ್ನೋ ಒಂದೇ ಊರಲ್ಲಿ. ಈ ಲೆಕ್ಕ ತಲೇಲಿ ಇಟ್ಕೊಂಡು ಮುಂದೆ ಓದಿ.

ನಾನು ಕಂಡಿದ್ದು ಒಂದು ಹೇಳ್ತೀನಿ. ಕೆಲವು ವರ್ಷದ ಹಿಂದೆ ಜೂನ್ ಕೊನೇಲಿ ಇದೇ ನದೀಲಿ ಒಂದು ಗುಂಪಿನ ಜೊತೆ ಹೋಗಿದ್ದೆ. ಮೂರನೇ ದಿನ, ಬಿಸಿಲು ಚೆನ್ನಾಗಿತ್ತು, ಆವತ್ತು ಬೆಳಿಗ್ಗೆ ನನ್ನ ಥರ್ಮಾಮೀಟರ್ ನೀರಲ್ಲಿ 11 ಡಿಗ್ರಿ ತೋರಿಸಿತ್ತು. ನಮ್ಮಲ್ಲಿ ಒಬ್ರು ಜೀನ್ಸು, ಕಾಟನ್ ಟೀಶರ್ಟ್ ಹಾಕಿದ್ರು, ಮೂವತ್ತೈದರ ಗಟ್ಟಿಮುಟ್ಟು ಆಳು. ಒಂದು ತಿರುವಲ್ಲಿ ದೋಣಿ ವಾಲಿ ನೀರಿಗೆ ಬಿದ್ರು, ಐದು ನಿಮಿಷದೊಳಗೆ ಎಳೆದು ದಡಕ್ಕೆ ತಂದ್ವಿ, ಅವ್ರು ನಗ್ತಾನೇ ಇದ್ರು, ಏನಿಲ್ಲ ಬನ್ನಿ ಹೋಗೋಣ ಬಿಸಿಲಿಗೆ ಒಣಗತ್ತೆ ಅಂದ್ರು, ನಾವೂ ಹೊರಟ್ವಿ. ಮಧ್ಯಾಹ್ನದ ಹೊತ್ತಿಗೆ ಎದುರು ಗಾಳಿ ಎದ್ದಿತು. ಅರ್ಧ ಗಂಟೆ ಆದ್ಮೇಲೆ ನೋಡ್ತೀನಿ, ಅವ್ರು ನೀರಿನ ಬಾಟಲಿ ಮುಚ್ಚಳ ತಿರುಗಿಸ್ತಾ ಕೂತಿದಾರೆ, ಬೆರಳು ಮುಚ್ಚಳದ ಮೇಲೇ ಇದೆ ಆದ್ರೆ ತಿರುಗ್ತಾ ಇಲ್ಲ, ಮತ್ತೆ ಮತ್ತೆ ಅದನ್ನೇ ಮಾಡ್ತಿದಾರೆ, ಏನಾಯ್ತು ಅಂತ ಕೇಳಿದ್ರೆ ಮಾತು ತೊದಲ್ತಿತ್ತು. ಆವಾಗ ನಂಗೆ ಎದೆ ಝಲ್ ಅಂತು. ತಕ್ಷಣ ದಡಕ್ಕೆ ತಂದು, ಒದ್ದೆ ಬಟ್ಟೆ ಎಲ್ಲಾ ಬಿಚ್ಚಿಸಿ, ಒಣಗಿದ ಉಣ್ಣೆ ಬನಿಯನ್ನು ಹಾಕಿಸಿ, ಸ್ಲೀಪಿಂಗ್ ಬ್ಯಾಗಲ್ಲಿ ಸುತ್ತಿ, ಕೆಳಗೆ ಮ್ಯಾಟು, ತಲೆಗೆ ಟೋಪಿ, ನುಂಗೋಕೆ ಆಗತ್ತೆ ಅಂತ ಖಾತ್ರಿ ಆದ್ಮೇಲೆ ಸಕ್ಕರೆ ಹಾಕಿದ ಬಿಸಿ ಟೀ ಗುಟುಕು ಗುಟುಕಾಗಿ. ಆ ಹೊತ್ತಿಗೆ ಒಬ್ಬ ಕುರಿಗಾಹಿ ಬೈಕಲ್ಲಿ ಬಂದ, ನೋಡಿ ಏನೂ ಕೇಳ್ದೆ ವಾಪಸ್ ಹೋಗಿ ಒಂದು ಸಣ್ಣ ಲಾರಿ ತಂದ. ಅವನ ಗೆರ್ ಒಳಗೆ, ಅದೇ ಆ ದುಂಡನೆ ಉಣ್ಣೆ ಕಂಬಳಿ ಮನೆ, ಮಧ್ಯದ ಒಲೇಲಿ ಒಣಗಿದ ಸಗಣಿ ಉರೀತಾ ಇತ್ತು, ಅವ್ರು ಅರ್ಗಲ್ ಅಂತಾರೆ, ನಮ್ಮ ಬೆರಣಿ ಥರ ತಟ್ಟಲ್ಲ, ಬಯಲಲ್ಲಿ ತಾನಾಗೇ ಒಣಗಿದ್ದನ್ನ ಆರಿಸ್ಕೊಂಡು ಬರ್ತಾರೆ, ವಾಸನೆ ಮಾತ್ರ ನಮ್ಮಜ್ಜಿ ಮನೆ ಹಂಡೆ ಒಲೇದೇ. ಸಂಜೆ ಹೊತ್ತಿಗೆ ಅವ್ರು ಸರಿಯಾದ್ರು. ಬಿದ್ದ ಕೂಡಲೇ ಬಟ್ಟೆ ಬದಲಾಯಿಸಿದ್ರೆ ಇದ್ಯಾವುದೂ ಆಗ್ತಾನೇ ಇರ್ಲಿಲ್ಲ. ಆವತ್ತಿಂದ ನಂದು ಒಂದೇ ನಿಯಮ, ಸೊಂಟದ ಮೇಲೆ ಒದ್ದೆ ಆದವ್ರು ಯಾರೇ ಇರ್ಲಿ, ನಗ್ತಿರ್ಲಿ ಬಿಡ್ಲಿ, ದೋಣಿ ನಿಲ್ಸಿ ಒಣ ಬಟ್ಟೆ ಹಾಕ್ಕೊಂಡೇ ಮುಂದೆ ಹೋಗೋದು.

ಯಾಕೆ ಹಿಂಗಾಗತ್ತೆ ಅಂದ್ರೆ, ನೀರು ಮೈಯಿಂದ ಶಾಖ ಎಳೆಯೋದು ಅಷ್ಟೇ ತಣ್ಣಗಿರೋ ಗಾಳಿಗಿಂತ ಸುಮಾರು 25 ಪಟ್ಟು ಬೇಗ. ತೀರಾ ತಣ್ಣೀರಿಗೆ ಒಂದು ಲೆಕ್ಕ ಇದೆ, 1-10-1 ಅಂತ: ಬಿದ್ದ ಮೊದಲ 1 ನಿಮಿಷ ಉಸಿರು ಸಿಕ್ಕಾಪಟ್ಟೆ ಏರತ್ತೆ, ಆವಾಗ ಬಾಯಿಗೆ ನೀರು ಹೋಗ್ದಂಗೆ ನೋಡ್ಕೊಂಡು ಸುಮ್ನೆ ತೇಲ್ಬೇಕು, ಆಮೇಲೆ ಕೈಕಾಲು ಮಾತು ಕೇಳೋದು ಸುಮಾರು 10 ನಿಮಿಷ, ಅಷ್ಟರೊಳಗೆ ದಡ ಸೇರ್ಕೋಬೇಕು, ಪ್ರಜ್ಞೆ ತಪ್ಪೋಕೆ ಸುಮಾರು 1 ಗಂಟೆ. ಓರ್ಖೋನ್ ಬೇಸಿಗೇಲಿ ಅಷ್ಟು ತೀರಾ ತಣ್ಣಗೆ ಇರಲ್ಲ, ನಿಮಗೆ ಸ್ವಲ್ಪ ಜಾಸ್ತಿ ಟೈಮ್ ಸಿಗತ್ತೆ, ಆದ್ರೆ ಕ್ರಮ ಅದೇ. ಅದಕ್ಕೇ ಲೈಫ್ ಜಾಕೆಟ್. ಜೀನ್ಸು, ಕಾಟನ್ ಮನೇಲೇ ಬಿಡಿ. ಒಳಗೆ ಉಣ್ಣೆ ಅಥವಾ ಸಿಂಥೆಟಿಕ್, ಮೇಲೆ ಗಾಳಿ ತಡೆಯೋ ಜಾಕೆಟ್, ಕಾಲಿಗೆ ಬೆರಳು ಮುಚ್ಚೋ ಹಳೇ ಶೂ, ಚಪ್ಪಲಿ ಬೇಡ. ಒಂದು ಜೊತೆ ಬಟ್ಟೆ ಮತ್ತೆ ಸ್ಲೀಪಿಂಗ್ ಬ್ಯಾಗು ಡ್ರೈ ಬ್ಯಾಗಲ್ಲಿ ಹಾಕಿ ಕಟ್ಟಿಡಿ, ಏನೇ ಆದ್ರೂ ಅದು ಒದ್ದೆ ಆಗ್ಬಾರ್ದು.

ಎರಡನೇ ವಿಷ್ಯ, ನೀರಲ್ಲಿ ಬಿದ್ದಿರೋ ಮರ. ಕಾಳಿ ನದೀಲಿ ಮೇಲೆ ಅಣೆಕಟ್ಟು ಇದೆ, ನೀರು ಬಿಡೋದು ಲೆಕ್ಕದಲ್ಲಿ, ರಾಫ್ಟ್ ಓಡಿಸೋರಿಗೆ ಪ್ರತಿ ಕಲ್ಲೂ ಗೊತ್ತು. ಓರ್ಖೋನ್ ಹಂಗಲ್ಲ, ಪ್ರತಿ ಮಳೆಗೂ ಹೊರ ತಿರುವಿನ ದಡ ಕೊರೆದು ಅಲ್ಲಿರೋ ವಿಲ್ಲೋ ಮರಗಳನ್ನ ಬುಡಸಮೇತ ನೀರಿಗೆ ಎಳ್ಕೊಳ್ಳತ್ತೆ, ಹೋದ ವರ್ಷ ಖಾಲಿ ಇದ್ದ ತಿರುವಲ್ಲಿ ಈ ವರ್ಷ ಮರ ಇರತ್ತೆ. ಸೆಳವು ಯಾವಾಗ್ಲೂ ಹೊರ ತಿರುವಿಗೇ ತಳ್ಳತ್ತೆ. ನೀರು ಕೊಂಬೆಗಳ ಸಂದೀಲಿ ಜರಡಿ ಥರ ನುಗ್ಗಿ ಹೋಗತ್ತೆ, ಮನುಷ್ಯ ಸಿಕ್ಕಾಕೊಳ್ತಾನೆ. ನೋಡೋಕೆ ನಿಧಾನವಾಗಿ ಹರಿಯೋ ನೀರೇ ಆದ್ರೂ ಆ ಒತ್ತಡ ಕೈಲಿ ತಡೆಯೋಕಾಗಲ್ಲ. ಹಂಗಾಗಿ ತಿರುವಿನ ಒಳಗಿನ ಕಡೆ, ಅಂದ್ರೆ ಜಲ್ಲಿಕಲ್ಲಿನ ದಿಬ್ಬ ಇರೋ ಕಡೆ, ಬೇಗನೇ ಸರ್ಕೊಳ್ಳಿ, ತಿರುವಿನ ಆಚೆ ಏನಿದೆ ಅಂತ ಕಣ್ಣಿಗೆ ಕಾಣ್ದೇ ಇದ್ರೆ ಮೇಲೇ ನಿಲ್ಸಿ ನಡ್ಕೊಂಡು ಹೋಗಿ ನೋಡಿ. ದೋಣಿ ಅಡ್ಡಡ್ಡ ಹೋಗಿ ಮರಕ್ಕೋ ಬಂಡೆಗೋ ತಾಗ್ತಿದೆ ಅಂದ್ರೆ ಎಲ್ರೂ ಹೆದ್ರಿ ಹಿಂದಕ್ಕೆ ವಾಲ್ತಾರೆ, ಮೇಲಿಂದ ಬರೋ ನೀರು ದೋಣಿ ಒಳಗೆ ನುಗ್ಗಿ ಮಗುಚತ್ತೆ. ಆ ಅಡ್ಡಿ ಕಡೆಗೇ ವಾಲ್ಬೇಕು. ನೀರಲ್ಲಿ ಬಿದ್ದು ಮರದ ಕಡೆಗೇ ಹೋಗ್ತಿದೀರಿ, ತಪ್ಪಿಸ್ಕೊಳ್ಳೋಕೆ ಜಾಗನೇ ಇಲ್ಲ ಅಂದಾಗ ಕಾಲು ಮುಂದೆ ಮಾಡ್ಬೇಡಿ, ತಲೆ ಮುಂದೆ ಮಾಡಿ ಜೋರಾಗಿ ಈಜಿ ಮರದ ಮೇಲೆ ಹತ್ತಬೇಕು. ಉಳಿದ ಕಡೆ ಸೆಳವಲ್ಲಿ ಬಿದ್ರೆ ಬೆನ್ನ ಮೇಲೆ ಮಲಗಿ ಕಾಲು ಮುಂದೆ, ಮೇಲೆ ಎತ್ತಿ. ಮಂಡಿ ಮೇಲಿರೋ ಸೆಳವಲ್ಲಿ ಎದ್ದು ನಿಲ್ಲೋಕೆ ಹೋಗ್ಬೇಡಿ, ಪಾದ ಕಲ್ಲಿನ ಸಂದೀಲಿ ಸಿಕ್ಕಿದ್ರೆ ನೀರು ಮುಂದಕ್ಕೆ ಬೀಳಿಸತ್ತೆ. ಮಗುಚಿದ ದೋಣಿಗಿಂತ ನೀವು ಯಾವಾಗ್ಲೂ ಮೇಲ್ಗಡೆ ಇರಿ, ನೀರು ತುಂಬಿದ ದೋಣಿ ಕೆಳಗಡೆ ನಿಂತವ್ರನ್ನ ಬಂಡೆಗೆ ಅದುಮಿ ಬಿಡತ್ತೆ. ಇದನ್ನೆಲ್ಲಾ ಮೊದಲನೇ ದಿನ ದಡದಲ್ಲೇ ಗೈಡ್ ಕಲಿಸ್ಬೇಕು. ಕಲಿಸ್ದೇ ಹೊರಡಿ ಅಂದ್ರೆ ನೀವೇ ನಿಲ್ಸಿ ಕೇಳಿ, ಸಂಕೋಚ ಬೇಡ.

ದುಡ್ಡು ಕಟ್ಟೋ ಮುಂಚೆ ಅವ್ರಿಗೆ ಫೋನ್ ಮಾಡಿ, ಬರೀ ಮೆಸೇಜ್ ಬೇಡ, ದನಿ ಕೇಳಿ. ಎಷ್ಟು ಜನಕ್ಕೆ ಎಷ್ಟು ಗೈಡು, ಅವ್ರಲ್ಲಿ ಯಾರು ಪ್ರಥಮ ಚಿಕಿತ್ಸೆ ಕಲ್ತಿದಾರೆ, ದಡದ ಉದ್ದಕ್ಕೂ ಗಾಡಿ ಬರತ್ತಾ ಅಥವಾ ಕೊನೆಗೆ ಮಾತ್ರ ಬರತ್ತಾ, ನಾಲ್ಕನೇ ದಿನ ಯಾರಿಗಾದ್ರೂ ಕಾಲು ಮುರಿದ್ರೆ ಎಲ್ಲಿಗೆ ಹೆಂಗೆ ಸಾಗಿಸ್ತೀರಿ ಅಂತ ಕೇಳಿ. ಈ ಕೊನೇ ಪ್ರಶ್ನೆಗೆ ತಡವರಿಸ್ದೇ ಊರಿನ ಹೆಸರು ಸಮೇತ ಉತ್ತರ ಕೊಟ್ರೆ ಒಳ್ಳೇ ಗೈಡು. ಸ್ಯಾಟಲೈಟ್ ಫೋನ್ ಅವ್ರ ಹತ್ರ ಇರ್ಲೇಬೇಕು. ಇಲ್ಲೊಂದು ಮುಖ್ಯವಾದ ಮಾತು, ನೀವು ಅದನ್ನ ಇಲ್ಲಿಂದ ತಗೊಂಡು ಹೋಗ್ಬೇಡಿ. ಭಾರತದಲ್ಲಿ ಪರವಾನಗಿ ಇಲ್ದೆ ಸ್ಯಾಟಲೈಟ್ ಫೋನ್ ಇಟ್ಕೊಳ್ಳೋದು ಅಪರಾಧ, ಟ್ರೆಕ್ ಮಾಡೋರು ಬಳಸೋ ಗಾರ್ಮಿನ್ ಇನ್‌ರೀಚ್ ಥರದ ಸಣ್ಣ ಸಾಧನಕ್ಕೂ ಏರ್‌ಪೋರ್ಟಲ್ಲಿ ಜನರನ್ನ ಹಿಡಿದಿದಾರೆ. ಅಲ್ಲೇ ಉಲಾನ್‌ಬಾತರ್‌ನಲ್ಲಿ ಬಾಡಿಗೆಗೆ ತಗೊಳ್ಳಿ ಅಥವಾ ಗೈಡಿಂದೇ ಸಾಕು. ಗ್ಯಾಸ್ ಸಿಲಿಂಡರನ್ನೂ ವಿಮಾನದಲ್ಲಿ ಬಿಡಲ್ಲ, ಅದೂ ಅಲ್ಲೇ. ಇನ್ಶೂರೆನ್ಸ್ ತಗೊಳ್ಳುವಾಗ ದೂರದ ಜಾಗದಿಂದ ಸಾಗಿಸೋ ಖರ್ಚು, ನದಿ ದೋಣಿ ಚಟುವಟಿಕೆ ಎರಡೂ ಅದ್ರಲ್ಲಿ ಇದೆಯಾ ಅಂತ ಓದಿ ನೋಡಿ.

ಈಗ ತಾರೀಖು. ನಾದಮ್ ಜುಲೈ 11ರಿಂದ 13. ಆ ವಾರ ಹೋಟೆಲು, ಗಾಡಿ, ಒಳ್ಳೇ ಗೈಡು ಯಾವುದೂ ಸುಲಭಕ್ಕೆ ಸಿಗಲ್ಲ, ಜೊತೆಗೆ ಮಂಗೋಲಿಯಾದಲ್ಲಿ ವರ್ಷದ ಮಳೇಲಿ ಬಹುಪಾಲು ಬೀಳೋದೇ ಜೂನ್‌ನಿಂದ ಆಗಸ್ಟ್ ಒಳಗೆ, ಸೊಳ್ಳೆ ಮತ್ತೆ ಕುದುರೆ ನೊಣದ ಕಾಟ ಬೇರೆ. ನನ್ನ ಕೇಳಿದ್ರೆ ಹಬ್ಬ ಬಿಡಿ, ಆಗಸ್ಟ್ 20ರಿಂದ ಸೆಪ್ಟೆಂಬರ್ ಮೊದಲ ವಾರದೊಳಗೆ ಹೋಗಿ ಬನ್ನಿ. ಮಳೆ ಇಳಿಮುಖ, ಸೊಳ್ಳೆ ಕಮ್ಮಿ, ಹುಲ್ಲು ಹೊಂಬಣ್ಣಕ್ಕೆ ತಿರುಗಿರತ್ತೆ. ರಾತ್ರಿ ಮಾತ್ರ ಸೊನ್ನೆ ಹತ್ರ ಇಳಿಯಬಹುದು, ಸ್ಲೀಪಿಂಗ್ ಬ್ಯಾಗು ಸೊನ್ನೆಗಿಂತ ಕೆಳಗಿನ ಚಳಿ ತಡೆಯೋದೇ ಇರ್ಲಿ. ದಿನಕ್ಕೆ 40 ಕಿಲೋಮೀಟರ್ ಅನ್ನೋದು ನಂಗೆ ಇಷ್ಟ ಆಗ್ಲಿಲ್ಲ. ಸೆಳವು ಜೊತೆಗಿದ್ರೆ ಆಗತ್ತೆ, ಆದ್ರೆ ಮಧ್ಯಾಹ್ನ ಮೇಲೆ ಬಯಲು ಗಾಳಿ ಎದುರಿಗೆ ಬಂದ್ರೆ ಹುಟ್ಟು ಹಾಕಿದಷ್ಟೂ ದೋಣಿ ನಿಂತಲ್ಲೇ ನಿಲ್ಲತ್ತೆ, ಎಲ್ರೂ ಸುಸ್ತಾಗಿ ಕತ್ತಲಲ್ಲಿ ಟೆಂಟ್ ಹಾಕೋ ಹಂಗಾಗತ್ತೆ, ತಪ್ಪುಗಳಾಗೋದು ಆವಾಗ್ಲೇ. ಮ್ಯಾಪಲ್ಲಿ ರಸ್ತೆ ದೂರ ನೋಡಿ ಲೆಕ್ಕ ಹಾಕ್ಬೇಡಿ, ನದಿ ಸುತ್ತಿ ಸುತ್ತಿ ಅದ್ರ ಎರಡರಷ್ಟು ಆಗಿರತ್ತೆ. 25 ಕಿಲೋಮೀಟರ್ ಮಾಡಿ, ಮಧ್ಯೆ ಒಂದಿನ ಎಲ್ಲೂ ಹೋಗ್ದೆ ಕೂರಿ, ಬೆಳಿಗ್ಗೆ ಬೇಗ ಹೊರಟು ಮೂರು ಗಂಟೆಗೆ ದಡ ಹತ್ತಿ. ಕೊನೆ ಮುಟ್ಟೋ ಜಾಗ ಹಿಂದಕ್ಕೆ ತರೋಕೆ ಅವ್ರು ಒಪ್ಕೋತಾರೆ, ಕೇಳ್ಬೇಕಷ್ಟೇ.

ಅವಸರ ಬೇಡ ಅನ್ನೋಕೆ ಇನ್ನೊಂದು ಕಾರಣ ಆ ಜಾಗನೇ. ಉಲಾನ್‌ಬಾತರ್‌ನಿಂದ ಖಾರ್ಖೋರಿನ್‌ಗೆ ಸುಮಾರು 360 ಕಿಲೋಮೀಟರ್ ಡಾಂಬರು ರಸ್ತೆ. ಅಲ್ಲೇ ಚಂಗೀಸ್ ಖಾನನ ಮಗ ಒಗೊದೈ 1235ರಲ್ಲಿ ಕೋಟೆ ಕಟ್ಟಿಸಿದ ಕರಕೋರಂ ರಾಜಧಾನಿ ಇದ್ದಿದ್ದು. ಇವತ್ತು ನೆಲದ ಮೇಲೆ ಅದ್ರದ್ದು ಹೆಚ್ಚೇನೂ ಉಳಿದಿಲ್ಲ, ಅದ್ರ ಕಲ್ಲುಗಳನ್ನೇ ತಗೊಂಡು 1585ರಲ್ಲಿ ಎರ್ದೆನೆ ಜೂ ಬೌದ್ಧ ಮಠ ಕಟ್ಟಿದ್ರು, ಬಿಳೀ ಸ್ತೂಪಗಳು ಸಾಲಾಗಿ ನಿಂತಿರೋ ಗೋಡೆ, ದೋಣಿ ಹತ್ತೋ ಮುಂಚೆ ಒಂದು ಅರ್ಧ ದಿನ ಅಲ್ಲಿಗೆ ಕೊಡಿ. ಅಲ್ಲಿಂದ ಉತ್ತರಕ್ಕೆ ರಸ್ತೆ ಲೆಕ್ಕದಲ್ಲಿ ಸುಮಾರು 45 ಕಿಲೋಮೀಟರ್ ಹೋದ್ರೆ ಹೋಶೂ ಸೈದಮ್, ಎಂಟನೇ ಶತಮಾನದ ತುರ್ಕಿ ಅರಸರ ಶಿಲಾಶಾಸನಗಳು, ಕುಲ್ ತೆಗಿನ್‌ದು 732ನೇ ಇಸವಿದು. ಆ ಲಿಪಿ ಓದೋಕೇ ಯಾರಿಗೂ ಬರ್ತಿರ್ಲಿಲ್ಲ, 1893ರಲ್ಲಿ ಡೆನ್ಮಾರ್ಕಿನ ವಿಲ್ಹೆಲ್ಮ್ ಥಾಮ್ಸೆನ್ ಬಿಡಿಸಿದ್ರು. ಕಲ್ಲಿನ ಶಾಸನ ನೋಡಿ ಬೆಳೆದ ನಮಗೆ ಆ ಬಯಲಲ್ಲಿ ಆ ಕಲ್ಲಿನ ಮುಂದೆ ನಿಂತ್ಕೊಂಡಾಗ ಏನೋ ಹತ್ತಿರದ್ದು ಅನ್ಸತ್ತೆ. ಗೈಡಿಗೆ ಹೇಳಿ ಅವತ್ತು ಗಾಡಿ ತರಿಸ್ಕೊಳ್ಳಿ. ಅದ್ರ ಉತ್ತರಕ್ಕೆ ಒಗೀ ಸರೋವರ ಇದೆ, ಹಕ್ಕಿಗಳ ಜಾಗ. ಪಟ್ಟೆತಲೆ ಹೆಬ್ಬಾತು ಇದೆಯಲ್ಲ, ಚಳಿಗಾಲದಲ್ಲಿ ಗದಗ ಕಡೆ ಮಾಗಡಿ ಕೆರೆಗೆ ಸಾವಿರಗಟ್ಲೆ ಬರತ್ತೆ, ಅದು ಮರಿ ಮಾಡೋ ನಾಡುಗಳಲ್ಲಿ ಮಂಗೋಲಿಯಾನೂ ಒಂದು. ಅಲ್ಲಿ ಕೊರಳಿಗೆ ಪಟ್ಟಿ ಹಾಕಿ ಬಿಟ್ಟಿದ್ದ ಹೆಬ್ಬಾತುಗಳು ಮೈಸೂರು ಹತ್ರದ ಹದಿನಾರು ಕೆರೇಲಿ ಕಾಣಿಸ್ಕೊಂಡಿದಾವೆ. ಬೈನಾಕ್ಯುಲರ್ ಮರೀಬೇಡಿ.

ಕ್ಯಾಂಪ್ ಬಗ್ಗೆ. ಟೆಂಟ್ ನೀರಿನ ಪಕ್ಕದ ಮರಳಲ್ಲಿ ಹಾಕೋದು ಚಂದ, ಆದ್ರೆ ಬೇಡ. ಮಳೆ ಬಿದ್ದಿದ್ದು ಈ ನದಿ ಹುಟ್ಟೋ ದೂರದ ಹಂಗಾಯ್ ಬೆಟ್ಟದಲ್ಲಿ, ನಿಮ್ಮ ತಲೆ ಮೇಲೆ ನಕ್ಷತ್ರ, ಆದ್ರೂ ರಾತ್ರಿ ನೀರು ಏರತ್ತೆ. ನಾನು ದಿನಾ ಮಲಗೋ ಮುಂಚೆ ನೀರಿನ ಅಂಚಲ್ಲಿ ಒಂದು ಕಡ್ಡಿ ಚುಚ್ಚಿಡ್ತೀನಿ, ರಾತ್ರಿ ಎದ್ದಾಗ ಟಾರ್ಚ್ ಬಿಟ್ಟು ನೋಡ್ತೀನಿ. ಒಂದು ಸಲ ಎರಡು ಗಂಟೆಗೆ ಎದ್ದು ನೋಡಿದ್ರೆ ಕಡ್ಡಿ ಕಾಣ್ಲೇ ಇಲ್ಲ, ದೋಣಿಗಳ ಹಿಂಭಾಗ ಆಗ್ಲೇ ತೇಲ್ತಾ ಇತ್ತು, ಎಲ್ರನ್ನೂ ಎಬ್ಬಿಸಿ ಎಳೆದು ಮೇಲೆ ಹಾಕಿದ್ವಿ. ದೋಣಿನ ಯಾವಾಗ್ಲೂ ಮೇಲೆ ಎಳೆದು, ಬೋರಲು ಹಾಕಿ, ಕಟ್ಟೇ ಮಲಗಿ. ಗುಡುಗು ಕೇಳಿಸಿದ್ರೆ ತಕ್ಷಣ ನೀರಿಂದ ಆಚೆ ಬನ್ನಿ, ಬಯಲಲ್ಲಿ ಎತ್ತರ ಅಂತ ಇರೋದು ನೀವೇ ಆಗಿರ್ತೀರಿ, ದಿಬ್ಬದ ಮೇಲೂ ಬೇಡ, ಒಂಟಿ ಮರದ ಕೆಳಗೂ ಬೇಡ, ತಗ್ಗಲ್ಲಿ ದೂರ ದೂರ ಕುಕ್ಕರಗಾಲಲ್ಲಿ ಕೂರಿ. ನದಿ ನೀರು ಎಷ್ಟೇ ತಿಳಿಯಾಗಿ ಕಂಡ್ರೂ ಮೇಲ್ಗಡೆ ಸಾವಿರಾರು ಕುರಿ, ಯಾಕ್, ಕುದುರೆ ಇರೋದ್ರಿಂದ ಕುದಿಸ್ದೇ ಕುಡೀಬೇಡಿ. ಬಯಲಿಗೆ ಹೋಗೋದು ನೀರಿಂದ 70 ಹೆಜ್ಜೆನಾದ್ರೂ ಆಚೆ, ಒಂದು ಗೇಣು ಗುಂಡಿ ತೋಡಿ ಮುಚ್ಚಿ. ನದಿಗೆ ಇಳಿದು ಸೋಪು ಹಾಕಿ ಸ್ನಾನ ಮಾಡೋದು, ಬಟ್ಟೆ ಒಗೆಯೋದು ಅಲ್ಲಿಯವ್ರಿಗೆ ತುಂಬಾ ಬೇಜಾರಿನ ವಿಷ್ಯ, ನೀರು ಅವ್ರಿಗೆ ದೇವರ ಸಮಾನ. ಬಕೆಟ್ಟಲ್ಲಿ ತಗೊಂಡು ದೂರ ಹೋಗಿ ಮಾಡಿ.

ಗೆರ್ ಕಂಡ್ರೆ ಸೀದಾ ನುಗ್ಗಬೇಡಿ. ದೂರದಿಂದಲೇ "ನೋಖೋಯ್ ಹೋರ್" ಅಂತ ಕೂಗ್ಬೇಕು, ನಾಯಿ ಹಿಡ್ಕೊಳ್ಳಿ ಅಂತ ಅರ್ಥ, ಆ ನಾಯಿಗಳು ತೋಳದ ಜೊತೆ ಕಾದಾಡೋವು, ಸಲಿಗೆ ಬೇಡ. ರೇಬಿಸ್ ಇರೋ ದೇಶ, ಹೊರಡೋ ಮುಂಚೆ ಡಾಕ್ಟ್ರ ಹತ್ರ ಅದ್ರ ಮುಂಜಾಗ್ರತೆ ಲಸಿಕೆ ಬಗ್ಗೆ ಕೇಳಿ, ಹುಲ್ಲಲ್ಲಿರೋ ಉಣ್ಣಿ ಹುಳ ಕಚ್ಚೋದ್ರ ಬಗ್ಗೆನೂ ಕೇಳಿ. ಹೊಸ್ತಿಲು ತುಳೀಬೇಡಿ, ಇದು ನಮಗೆ ಹೇಳ್ಕೊಡೋದೇ ಬೇಡ. ಕೊಟ್ಟಿದ್ದನ್ನ ಬಲಗೈಯಲ್ಲಿ ತಗೊಳ್ಳಿ, ಒಲೆಗೆ ಕಸ ಹಾಕ್ಬೇಡಿ. ಉಪ್ಪು ಹಾಕಿದ ಹಾಲಿನ ಟೀ ಕೊಡ್ತಾರೆ, ಸುತೆ ಚಾಯ್ ಅಂತ, ಮೊದಲ ಗುಟುಕು ವಿಚಿತ್ರ, ಚಳೀಲಿ ಮೂರನೇ ಬಟ್ಟಲಿಗೆ ನೀವೇ ಕೇಳ್ತೀರಿ. ಐರಗ್ ಅನ್ನೋದು ಕುದುರೆ ಹಾಲು ಹುಳಿ ಬರಿಸಿದ್ದು, ಸ್ವಲ್ಪ ಮತ್ತು ಬರತ್ತೆ, ಹೊಟ್ಟೆನೂ ಕೆಡಬಹುದು, ತುಟಿಗೆ ತಾಗಿಸಿ ವಾಪಸ್ ಕೊಟ್ರೂ ಮರ್ಯಾದೆನೇ. ಮಾರ್ಮೋಟ್ ಅನ್ನೋ ದಪ್ಪ ಬಿಲದ ಪ್ರಾಣಿ ಹತ್ರ ಮಾತ್ರ ಹೋಗ್ಬೇಡಿ, ಸತ್ತಿದ್ರೂ ಮುಟ್ಟಬೇಡಿ, ಅದ್ರಿಂದ ಪ್ಲೇಗ್ ಬರತ್ತೆ, ಇವತ್ತಿಗೂ ಅಲ್ಲಿ ಬರ್ತಾ ಇದೆ.

ಸಸ್ಯಾಹಾರಿಗಳಿಗೆ ಅಲ್ಲಿನ ಊಟ ನಂಬ್ಕೊಂಡು ಹೋಗೋದು ಕಷ್ಟ, ಹಳ್ಳಿ ಕಡೆ ಮಾಂಸ ಮತ್ತೆ ಹಾಲಿಂದು ಬಿಟ್ರೆ ಏನೂ ಇರಲ್ಲ. ಗೈಡಿಗೆ ಈಗ್ಲೇ ಬರೆದು ತಿಳ್ಸಿ, ಬೇರೆ ಪಾತ್ರೆ ಬೇಕಂದ್ರೆ ಅದೂ ಹೇಳಿ. ಅಕ್ಕಿ, ಬೇಳೆ, ಆಲೂಗಡ್ಡೆ, ಈರುಳ್ಳಿ ಉಲಾನ್‌ಬಾತರ್ ಸೂಪರ್‌ಮಾರ್ಕೆಟ್ಟಲ್ಲಿ ಸಿಗತ್ತೆ. ನೀವು ಇಲ್ಲಿಂದ ಹುರಿದ ರವೆ, ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಪುಡಿ, ಶೇಂಗಾ ಚಿಕ್ಕಿ, ಹುರಿಹಿಟ್ಟು ತಗೊಂಡು ಹೋಗಿ. ಅಲ್ಲಿ ಎತ್ತರ 1,400-1,500 ಮೀಟರ್, ನೀರು 95 ಡಿಗ್ರಿಗೇ ಕುದಿಯತ್ತೆ, ತೊಗರಿಬೇಳೆ ಬೇಯೋಕೆ ಕೂತ್ರೆ ಗ್ಯಾಸೇ ಮುಗಿದು ಹೋಗತ್ತೆ, ಹೆಸರುಬೇಳೆ ನೆನೆಸಿ ಹಾಕಿ. ಚಳೀಲಿ ಹುಟ್ಟು ಹಾಕೋ ಮೈಗೆ ಊರಲ್ಲಿ ತಿನ್ನೋದ್ರ ಒಂದೂವರೆ ಪಟ್ಟು ಬೇಕು, ತುಪ್ಪದ ಡಬ್ಬಿ ಒಂದು ಇರ್ಲಿ.

ಇನ್ನು ನಿಮ್ಮ ಮನೆಯವ್ರಿಗೆ ಈಜು ಬರಲ್ಲ ಅಂದಿದೀರಿ. ಬರ್ಬೇಡಿ ಅಂತ ನಾನು ಹೇಳಲ್ಲ. ಆದ್ರೆ ಸಣ್ಣ ಕೆನೂನಲ್ಲಿ ಗಂಡ ಹೆಂಡತಿ ಇಬ್ರೇ ಅನ್ನೋದು ಬೇಡ, ಅವ್ರು ಗೈಡ್ ಇರೋ ದೊಡ್ಡ ಗಾಳಿ ರಾಫ್ಟಲ್ಲಿ ಕೂರ್ಲಿ, ಇದನ್ನ ಬುಕ್ ಮಾಡೋವಾಗ್ಲೇ ಬರೆಸ್ಕೊಳ್ಳಿ. ಇನ್ನೂ ತಿಂಗಳುಗಳಿದೆ, ವಾರಕ್ಕೆರಡು ದಿನ ಈಜುಕೊಳಕ್ಕೆ ಹೋಗ್ಲಿ, ಚೆನ್ನಾಗಿ ಈಜೋದು ಬರ್ಲೇಬೇಕು ಅಂತಿಲ್ಲ, ಮುಖ ನೀರಲ್ಲಿ ಹೋದಾಗ ಗಾಬರಿ ಆಗ್ದೇ ಇರೋದು ಬಂದ್ರೆ ಸಾಕು. ಆಮೇಲೆ ನಾಲ್ಕೂ ಜನ ಹೊನ್ನೆಮರಡಿಗೆ ಹೋಗಿ, ಲೈಫ್ ಜಾಕೆಟ್ ಹಾಕ್ಕೊಂಡು ಬೇಕಂತಲೇ ದೋಣಿ ಮಗುಚಿ, ಬೆನ್ನ ಮೇಲೆ ತೇಲಿ, ವಾಪಸ್ ಹತ್ತಿ, ಹತ್ತು ಸಲ ಮಾಡಿ. ಜಾಕೆಟ್ ಸರಿ ಇದೆಯಾ ಅಂತ ನೋಡೋಕೆ ಹಿಂದಿಂದ ಭುಜದ ಪಟ್ಟಿ ಹಿಡಿದು ಯಾರಾದ್ರೂ ಮೇಲಕ್ಕೆ ಎಳೀಲಿ, ಕಿವಿವರೆಗೂ ಬಂತು ಅಂದ್ರೆ ಅದು ಸಡಿಲ, ಬೇರೆ ಸೈಜ್ ಬೇಕು. ಇದನ್ನೇ ಖಾರ್ಖೋರಿನ್‌ನಲ್ಲಿ ಅವ್ರು ಕೊಡೋ ಜಾಕೆಟ್‌ಗೂ ಮಾಡಿ ನೋಡಿ. ಮೊದಲನೇ ದಿನದ ಕೊನೇಲಿ ಅವ್ರಿಗೆ ಭಯ ಹೋಗ್ಲೇ ಇಲ್ಲ ಅಂದ್ರೆ ಗಾಡೀಲಿ ಮುಂದಿನ ಕ್ಯಾಂಪಿಗೆ ಬರೋ ವ್ಯವಸ್ಥೆ ಇದೆಯಾ ಅಂತಾನೂ ಕೇಳಿಡಿ, ಇರತ್ತೆ ಅಂದ್ರೆ ಅವ್ರು ನಿರಾಳವಾಗಿ ದೋಣಿ ಹತ್ತುತಾರೆ.

ದಿನಕ್ಕೆ 25 ಕಿಲೋಮೀಟರ್ ಲೆಕ್ಕಕ್ಕೆ ಅವ್ರು ಒಪ್ಪಿದ್ರೆ, ಕ್ಯಾಂಪ್ ಜಾಗಗಳನ್ನ ಗುರುತು ಮಾಡಿರೋ ಮ್ಯಾಪು ತರಿಸ್ಕೊಂಡು ನಂಗೆ ಕಳ್ಸಿ, ಯಾವ ದಡದಲ್ಲಿ ಗಾಡಿ ದಾರಿ ಇದೆ, ಎಲ್ಲಿ ಇಲ್ಲ ಅಂತ ನೋಡಿ ಹೇಳ್ತೀನಿ.